1818ರ ಬಿಲ್ಲೆ, ಮಲ್ಹಾರಶಾಹಿ ರೂಪಾಯಿ ಮತ್ತು ಮನ್ರೋ ಸಾಹೇಬ

ಬಾಗಲಕೋಟೆ: ಅಂಗಡಿ ಗಲ್ಲೆಯ ಮೂಲೆಯಲ್ಲೋ, ದೇವರ ಜಗಲಿ ಮೇಲೋ ಇಂಥದೊಂದು ತಾಮ್ರದ ಬಿಲ್ಲೆ ಹಲವರ ಮನೆಯಲ್ಲಿ ಇರತದ. ಒಂದು ಮಗ್ಗಲಿಗೆ ರಾಮ, ಸೀತಾ, ಲಕ್ಷ್ಮಣ, ಪಾದದ ಹತ್ತಿರ ಹನುಮಪ್ಪ. ಇನ್ನೊಂದು ಮಗ್ಗಲಿಗೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೆಸರು, ಒಂದು ಆಣೆ ಎಂಬ ಬರಹ, ಕೆಳಗೆ ಇಸವಿ 1818. ಇದಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ನಂಬಿಸಿ, ಅಕ್ಕಿಕಾಳು ಎಳೀತದ ಅಂತ ಆಟ ತೋರಿಸಿ ರೊಕ್ಕ ಕಿತ್ತುಕೊಳ್ಳುವ ದಂಧೆ ರಾಜ್ಯದ ಹಲವು ಕಡೆ ನಡೆದಿದೆ.

ಖರೆ ಅಂದರೆ 1818 ನಮ್ಮ ಜಿಲ್ಲೆಗೆ ಬಹಳ ದೊಡ್ಡ ಇಸವಿ. ಆ ವರ್ಷವೇ ಬಾದಾಮಿ, ಬಾಗಲಕೋಟೆ ಪೇಶ್ವೆಯ ಕೈ ಬಿಟ್ಟು ಕಂಪನಿ ಕೈಗೆ ಹೋದವು. ತಗೊಂಡವನು ಥಾಮಸ್ ಮನ್ರೋ. ಆದರೆ ಅವನು ಬಂದಾಗ ಇಲ್ಲಿಯ ಸಂತೆಯಲ್ಲಿ ಓಡುತ್ತಿದ್ದ ರೊಕ್ಕವೇ ಬೇರೆ. ಬಾಗಲಕೋಟೆಗೆ ತನ್ನದೇ ಟಂಕಸಾಲೆ ಇತ್ತು, ತನ್ನದೇ ರೂಪಾಯಿ ಇತ್ತು. ಅದರ ಹೆಸರು ಮಲ್ಹಾರಶಾಹಿ.

ದಿವಾಳಿಯಾದ ವ್ಯಾಪಾರಿಯ ಮಗ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್‌ಲೆಂಡಿನ ಗ್ಲಾಸ್ಗೊ ಪಟ್ಟಣದಲ್ಲಿ. ಅಪ್ಪ ಅಲೆಕ್ಸಾಂಡರ್ ಮನ್ರೋ ತಂಬಾಕಿನ ವ್ಯಾಪಾರಿ. ಅಮೆರಿಕದ ವರ್ಜೀನಿಯಾದಿಂದ ಮಾಲು ಬರುತ್ತಿತ್ತು. ಮಗ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಓದಿದ. ಅಷ್ಟರಲ್ಲಿ ಅಮೆರಿಕದವರು ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತರು. ಅಲ್ಲಿಂದ ಬರಬೇಕಾದ ಬಾಕಿ ಅಲ್ಲೇ ಉಳಿಯಿತು, ಅಪ್ಪನ ವ್ಯಾಪಾರ ಮುಳುಗಿತು. ಉದ್ರಿ ಕೊಟ್ಟು ಕೈ ಸುಟ್ಟುಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಹೊಣೆ ಹೆಗಲಿಗೆ ಬಂದಾಗ ಹುಡುಗ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ವಯಸ್ಸು ಹದಿನೆಂಟು. ಸಂಬಳ ಸಣ್ಣದು. ಅದರಲ್ಲೇ ಉಳಿಸಿ ಮುಂದೆ ವರ್ಷಗಟ್ಟಲೆ ಅಪ್ಪ ಅವ್ವನಿಗೆ ರೊಕ್ಕ ಕಳಿಸಿದ.

ಬಂದ ವರ್ಷವೇ ಹೈದರಾಲಿಯ ಜೊತೆ ಯುದ್ಧ ಶುರುವಾಯಿತು. ಹೈದರಾಲಿ ಆಗ ನಮ್ಮ ಸೀಮೆಯನ್ನೂ ಗೆದ್ದುಕೊಂಡಿದ್ದ. 1778ರಲ್ಲಿ ಬಾದಾಮಿ, ಬಾಗಲಕೋಟೆ ಅವನ ವಶವಾಗಿದ್ದವು. ಮನ್ರೋ ಮೊದಲು ಹೈದರನ ವಿರುದ್ಧ, ಆಮೇಲೆ ಟಿಪ್ಪುವಿನ ವಿರುದ್ಧ ಕಾದಾಡಿದ. ಸೈನಿಕನಾಗಿದ್ದುಕೊಂಡೇ ಪಾರ್ಸಿ, ಹಿಂದೂಸ್ತಾನಿ ಕಲಿತ. ಆ ಕಲಿಕೆಯೇ ಅವನ ಬದುಕಿನ ದಾರಿ ತಿರುಗಿಸಿತು.

ಕೋವಿ ಬಿಟ್ಟು ಕಂದಾಯಕ್ಕೆ

1792ರಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಸೀಮೆ, ಅಂದರೆ ಈಗಿನ ಸೇಲಂ, ಧರ್ಮಪುರಿ ಕಡೆಯ ಪ್ರದೇಶ, ಕಂಪನಿಗೆ ಬಂತು. ಅಲ್ಲಿಯ ಕಂದಾಯ ನೋಡಲು ಜನರ ಭಾಷೆ ಬಲ್ಲ ಅಧಿಕಾರಿಗಳು ಬೇಕಿತ್ತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಕೈಕೆಳಗೆ ಮನ್ರೋನನ್ನು ಹಾಕಿದರು. ಏಳು ವರ್ಷ ಅಲ್ಲಿ ಹಳ್ಳಿ ಹಳ್ಳಿ ತಿರುಗಿದ. ಹೊಲ ಅಳೆಸಿದ, ಶಾನುಭೋಗರ ಲೆಕ್ಕ ನೋಡಿದ, ರೈತರ ತಕರಾರು ಕೇಳಿದ.

ಟಿಪ್ಪು ಮಡಿದ ಮೇಲೆ 1799ರಲ್ಲಿ ಕೆನರಾ ಜಿಲ್ಲೆ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಕಡಪ, ಅನಂತಪುರ ಕಡೆಯ ಸೀಮೆ ಅವನ ಪಾಲಿಗೆ ಬಂತು. 1807ರವರೆಗೆ ಅಲ್ಲೇ ಇದ್ದ. ಜಮೀನ್ದಾರನನ್ನು ನಡುವೆ ಇಟ್ಟುಕೊಳ್ಳದೆ ರೈತನ ಹೆಸರಿಗೇ ಪಟ್ಟಾ ಕೊಟ್ಟು, ಅವನಿಂದಲೇ ನೇರ ಕಂದಾಯ ಪಡೆಯುವ ರೈತವಾರಿ ಪದ್ಧತಿ ಈ ವರ್ಷಗಳಲ್ಲಿ ಗಟ್ಟಿಯಾಯಿತು.

ರೈತವಾರಿಗೆ ಎರಡು ಮುಖ. ರೈತನ ಹೆಸರು ಸರ್ಕಾರದ ದಫ್ತರಕ್ಕೆ ಏರಿತು. ಅದೇ ಹೊತ್ತಿಗೆ ಮಳೆ ಬರಲಿ ಬಿಡಲಿ, ಕಂತಿನ ದಿನಕ್ಕೆ ರೊಕ್ಕ ಎಣಿಸಬೇಕಾಯಿತು. ಕಂದಾಯದ ದರ ಭಾರವಾಗಿದೆ ಎಂಬುದು ಮನ್ರೋನಿಗೇ ಗೊತ್ತಿತ್ತು. ನೂರಕ್ಕೆ ಇಪ್ಪತ್ತೈದರಷ್ಟು ಇಳಿಸಬೇಕೆಂದು 1807ರಲ್ಲಿ ಶಿಫಾರಸು ಬರೆದ. ಕಂಪನಿ ಆಗ ಒಪ್ಪಲಿಲ್ಲ.

ಸಂತೆಯಲ್ಲಿ ಹತ್ತಾರು ರೊಕ್ಕ

ಕಂದಾಯವನ್ನು ರೊಕ್ಕದಲ್ಲಿ ಕೊಡಬೇಕು ಅಂದಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತಿತ್ತು: ಯಾವ ರೊಕ್ಕ? ಈಗ ನೋಟು ದೇಶಕ್ಕೆಲ್ಲ ಒಂದೇ. ಆಗ ಹಾಗಿರಲಿಲ್ಲ. ಬಳ್ಳಾರಿ ಕಡೆ ವರಹ, ಹಣ, ಕಾಸು. ಮರಾಠರ ಸೀಮೆಯಲ್ಲಿ ಹತ್ತಾರು ಟಂಕಸಾಲೆಗಳ ರೂಪಾಯಿ, ಕೈಚಿಲ್ಲರೆಗೆ ಶಿವರಾಯಿ ಎಂಬ ತಾಮ್ರದ ದುಡ್ಡು. ತುಂಗಭದ್ರೆಯಿಂದ ಕೃಷ್ಣೆಯವರೆಗೆ ನಡೆದು ಬಂದ ವ್ಯಾಪಾರಿ ದಾರಿಯಲ್ಲಿ ನಾಲ್ಕಾರು ಬಗೆಯ ನಾಣ್ಯ ಬದಲಿಸಬೇಕಿತ್ತು.

ನಾಣ್ಯ ಹೊಡೆಯುವುದು ಆಗ ಸರ್ಕಾರವೊಂದರದ್ದೇ ಕೆಲಸವಾಗಿರಲಿಲ್ಲ. ಧಾರವಾಡ ಸೀಮೆಯಲ್ಲಿ ಜಮೀನ್ದಾರರು ತಮ್ಮ ತಮ್ಮ ಟಂಕಸಾಲೆ ಇಟ್ಟುಕೊಂಡು ಕಡಿಮೆ ಮಾಲಿನ ನಾಣ್ಯ ಹೊಡೆಯುತ್ತಿದ್ದರು. ಖೊಟ್ಟಿ ರೊಕ್ಕ ಹೆಚ್ಚಾಗಿ ವ್ಯಾಪಾರ ಕೆಟ್ಟಾಗ, 1765ರಲ್ಲಿ ಪೇಶ್ವೆ ಮಾಧವರಾವ್ ಸರ್ಕಾರ ಅಂಥ 21 ಟಂಕಸಾಲೆ ಮುಚ್ಚಿಸಿ, ಧಾರವಾಡದಲ್ಲಿ ಒಂದೇ ದೊಡ್ಡ ಟಂಕಸಾಲೆ ತೆರೆಯಿತು. ಹುಕುಂ ಹೊರಟರೂ ಚಟ ಪೂರ್ತಿ ಹೋಗಲಿಲ್ಲ. ಟಂಕಸಾಲೆ ಅಂದರೆ ಆದಾಯ. ಬೆಳ್ಳಿ ತಂದುಕೊಟ್ಟವನಿಗೆ ನಾಣ್ಯ ಹೊಡೆದುಕೊಟ್ಟು ಅದರಲ್ಲಿ ಪಾಲು ಹಿಡಿಯುತ್ತಿದ್ದರು.

ಬಾಗಲಕೋಟೆಯ ಟಂಕಸಾಲೆ ಈ ಕಾಲದ್ದು. ಪೇಶ್ವೆಯ ಕೈಕೆಳಗೆ ಈ ಊರು ರಾಸ್ತೆ ಮನೆತನದವರ ಆಡಳಿತದಲ್ಲಿತ್ತು. ರಾಸ್ತೆಯವರು ಪೇಶ್ವೆಗೆ ಬೀಗರು. ನಾನಾಸಾಹೇಬ ಪೇಶ್ವೆಯ ಹೆಂಡತಿ ಗೋಪಿಕಾಬಾಯಿ ಆ ಮನೆಯ ಮಗಳು. ಇಲ್ಲಿ ಹೊರಟ ರೂಪಾಯಿಗೆ ಮಲ್ಹಾರಶಾಹಿ ಎಂಬ ಹೆಸರು ಬಂದದ್ದು ಆ ಮನೆತನದ ಮಲ್ಹಾರರಾವ್ ರಾಸ್ತೆಯಿಂದ. ನಾಣ್ಯದ ಮೇಲೆ ಮಾತ್ರ ದಿಲ್ಲಿ ಬಾದಶಹನ ಹೆಸರೇ ಪಾರ್ಸಿಯಲ್ಲಿ ಇರುತ್ತಿತ್ತು. ಬಾದಶಹನಿಗೆ ದಿಲ್ಲಿಯಾಚೆ ಅಧಿಕಾರ ಇಲ್ಲದಿದ್ದರೂ, ಅವನ ಹೆಸರಿದ್ದರೆ ಮಂದಿ ನಾಣ್ಯ ನಂಬುತ್ತಿದ್ದರು.

ಇದರಲ್ಲಿ ಏಟು ಬೀಳುತ್ತಿದ್ದದ್ದು ಬಡವನಿಗೆ. ಹುನಗುಂದದ ಎರೆಹೊಲದ ರೈತ ಜೋಳ ಮಾರಿದರೆ ಕೈಗೆ ಬರುವುದು ತಾಮ್ರದ ದುಡ್ಡು, ಸವಕಲು ನಾಣ್ಯ. ಇಳಕಲ್ಲಿನ ನೇಕಾರ ಸೀರೆ ಮಾರಿದರೆ ಕೊಳ್ಳುವವನ ಊರಿನ ರೂಪಾಯಿ. ಚಾವಡಿಯಲ್ಲಿ ಅದು ನಡೆಯದು. ಸರಾಫನ ಕಟ್ಟೆಗೆ ಹೋಗಬೇಕು. ಸರಾಫ ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳುತ್ತಿದ್ದ, ತೂಗುತ್ತಿದ್ದ, ಒರೆಗೆ ಹಚ್ಚುತ್ತಿದ್ದ, ಆಮೇಲೆ ಬಟ್ಟಾ ಮುರಿದುಕೊಂಡು ಚಾಲ್ತಿ ರೂಪಾಯಿ ಕೊಡುತ್ತಿದ್ದ. ರೂಪಾಯಿಗೆ ಇಷ್ಟು ದುಡ್ಡು ಎಂಬ ದರವೂ ದಿನಾ ಒಂದೇ ಇರುತ್ತಿರಲಿಲ್ಲ. ಕಂದಾಯದ ಕಂತು ಹತ್ತಿರ ಬಂದಾಗ ಎಲ್ಲರಿಗೂ ಬೆಳ್ಳಿ ಬೇಕು, ಆಗ ತಾಮ್ರದ ಬೆಲೆ ಇಳಿಯುವುದು. ಕಾಳು ಮಾರುವಾಗ ಒಮ್ಮೆ, ರೊಕ್ಕ ಬದಲಿಸುವಾಗ ಇನ್ನೊಮ್ಮೆ, ಹೀಗೆ ರೈತನಿಗೆ ಎರಡು ಸಲ ಲುಕ್ಸಾನು.

ಫೆಬ್ರವರಿ 1818

ಮನ್ರೋ 1807ರಲ್ಲಿ ರಜೆ ಮೇಲೆ ಇಂಗ್ಲೆಂಡಿಗೆ ಹೋಗಿ, 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬವಳನ್ನು ಮದುವೆಯಾಗಿ ಅದೇ ವರ್ಷ ಮದ್ರಾಸಿಗೆ ಮರಳಿದ. 1817ರ ಜೂನ್‌ನಲ್ಲಿ ಪುಣೆ ಒಪ್ಪಂದದಂತೆ ಪೇಶ್ವೆ ಎರಡನೇ ಬಾಜೀರಾವ್ ಧಾರವಾಡ, ಕುಸುಗಲ್ ಕಡೆಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅದನ್ನು ವಹಿಸಿಕೊಳ್ಳಲು ಬಂದವನು ಮನ್ರೋ. ನವೆಂಬರಿನಲ್ಲಿ ಪೇಶ್ವೆ ಯುದ್ಧ ಹೂಡಿದಾಗ ಅವನು ಧಾರವಾಡದಲ್ಲೇ ಇದ್ದ. ಕೈಯಲ್ಲಿ ಇದ್ದ ಸೈನ್ಯ ಬಹಳ ಸ್ವಲ್ಪ.

ಆಗ ಅವನು ಹೂಡಿದ ಉಪಾಯ ಫೌಜುದಾರನದಲ್ಲ, ಕಂದಾಯದವನದು. ಇನ್ನೂ ಪೇಶ್ವೆಯ ಕೈಯಲ್ಲಿದ್ದ ತಾಲೂಕುಗಳಿಗೆ ಮೊದಲೇ ತನ್ನ ಅಮಲ್ದಾರರನ್ನು ನೇಮಿಸಿಬಿಟ್ಟ. ಊರಿನ ಕಸುಬುದಾರ ಮಂದಿಯನ್ನೇ ಪೇದೆಗಳಾಗಿ ಹಿಡಿದು ಅವರ ಜೊತೆ ಕಳಿಸಿದ. ಕಂದಾಯ ಇನ್ನು ಮೇಲೆ ಈ ಅಮಲ್ದಾರನಿಗೆ ಸಲ್ಲಬೇಕು ಎಂಬ ಸುದ್ದಿ ಊರೂರಿಗೆ ಹೋಯಿತು. ನವಲಗುಂದದಲ್ಲಿ ರಾಮರಾವ್ ಎಂಬ ಅಮಲ್ದಾರ ಇದೇ ರೀತಿ ಪೇದೆಗಳೊಂದಿಗೆ ಹೋಗಿ ತಾಲೂಕಿನ ಬಹುಭಾಗ ಹಿಡಿದ. ಗೌಡ, ಶಾನುಭೋಗ, ರೈತ ಯಾರಿಗೆ ರೊಕ್ಕ ಎಣಿಸುತ್ತಾರೋ ರಾಜ್ಯ ಅವರದು ಎಂಬ ಲೆಕ್ಕ ಮನ್ರೋನದು. ಪೇಶ್ವೆಯ ಅಧಿಕಾರಿಗಳಿಗೆ ಕಂದಾಯ ನಿಂತಿತು, ಕಂದಾಯ ನಿಂತರೆ ಸಿಪಾಯಿಗಳ ಸಂಬಳ ನಿಂತಿತು.

ಹಾಗಂತ ಎಲ್ಲಾ ಊರೂ ಸುಮ್ಮನೆ ಸಿಗಲಿಲ್ಲ. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಕೈಗೆ ಬಂದವು. ಫೆಬ್ರವರಿಯಲ್ಲಿ ಬಾದಾಮಿಗೆ ಮುತ್ತಿಗೆ. ಊರಿನ ಎರಡೂ ಮಗ್ಗಲಿನ ಗುಡ್ಡದ ಮೇಲೆ ಕೋಟೆ, ಕೆಳಗೆ ಊರಿನ ಗೋಡೆ. 1786ರಲ್ಲಿ ಮರಾಠರು, ನಿಜಾಮನವರು ಕೂಡಿ ಟಿಪ್ಪುವಿನ ಕಡೆಯವರಿಂದ ಈ ಊರು ತಗೊಳ್ಳಲು ಮೂರು ವಾರ ಹಿಡಿದಿತ್ತು. ಮನ್ರೋನ ತೋಪುಗಳು ಗೋಡೆ ಒಡೆದ ಮೇಲೆ ಸಿಪಾಯಿಗಳು ಒಳನುಗ್ಗಿದರು. ಬಾದಾಮಿ ಬಿತ್ತು. ಬೆನ್ನಿಗೇ ಬಾಗಲಕೋಟೆಯೂ ಸೇರಿತು.

ಬಾಗಲಕೋಟೆ ಆಗ ರಾಸ್ತೆಯವರ ಕೈಯಲ್ಲಿ ಇರಲಿಲ್ಲ. 1810ರಲ್ಲೇ ಬಾಜೀರಾವ್ ಅದನ್ನು ಅವರಿಂದ ತೆಗೆದು ನೀಲಕಂಠರಾವ್ ಸರಸುಬಾ ಎಂಬ ಅಧಿಕಾರಿಗೆ ಕೊಟ್ಟಿದ್ದ. ಏಪ್ರಿಲ್‌ನಲ್ಲಿ ಬೆಳಗಾವಿ ಕೋಟೆ, ಮೇ ತಿಂಗಳಲ್ಲಿ ಸೊಲ್ಲಾಪುರ ಬಿದ್ದವು. ಆರು ತಿಂಗಳಲ್ಲಿ ತುಂಗಭದ್ರೆಯಿಂದ ಭೀಮೆಯವರೆಗಿನ ನಕ್ಷೆ ಬದಲಾಯಿತು. ಮನ್ರೋನ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಆಡಳಿತವನ್ನು ವಿಲಿಯಂ ಚಾಪ್ಲಿನ್‌ಗೆ ಒಪ್ಪಿಸಿ ಸ್ವದೇಶಕ್ಕೆ ಹೊರಟ.

ಧ್ವಜ ಬದಲಾದರೂ ರೊಕ್ಕ ಬದಲಾಗಲಿಲ್ಲ

ಕೋಟೆ ಮೇಲಿನ ನಿಶಾನೆ ಒಂದು ದಿನದಲ್ಲಿ ಬದಲಾಯಿತು. ಗಲ್ಲೆಯಲ್ಲಿನ ರೊಕ್ಕ ಬದಲಾಗಲು ವರ್ಷಗಳೇ ಬೇಕಾದವು. ಬೆಳ್ಳಿ ರೂಪಾಯಿ ಒಮ್ಮೆಲೇ ನಡೆಯದು ಅಂದರೆ ಉಳಿಸಿಟ್ಟವರೆಲ್ಲ ಮುಳುಗುತ್ತಾರೆ. ಹೀಗಾಗಿ ಮಲ್ಹಾರಶಾಹಿಯೂ ಉಳಿದ ಊರುಗಳ ರೂಪಾಯಿಗಳೂ ಕಂಪನಿ ಆಡಳಿತದಲ್ಲೂ ಬಟ್ಟಾ ಲೆಕ್ಕದ ಮೇಲೆ ಓಡಿದವು.

ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆಗಿ ಮರಳಿದ. ಎರಡು ವರ್ಷ ಮುಂಚೆ, ಅದೇ 1818ರ ಜನವರಿಯಲ್ಲಿ, ಮದ್ರಾಸ್ ಸರ್ಕಾರ ವರಹದ ಲೆಕ್ಕ ಬಿಟ್ಟು ಬೆಳ್ಳಿ ರೂಪಾಯಿಯನ್ನೇ ಮೂಲ ನಾಣ್ಯ ಅಂತ ಸಾರಿತ್ತು. ನೂರು ನಕ್ಷತ್ರ ವರಹಕ್ಕೆ 350 ರೂಪಾಯಿ ಎಂಬ ದರ ನಿಂತಿತು. ಒಂದು ವರಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು ಎಂಬ ಹಳೇ ಲೆಕ್ಕ ಹಿನ್ನೆಲೆಗೆ ಸರಿಯಿತು. 1807ರಲ್ಲಿ ಕಂಪನಿ ತಳ್ಳಿಹಾಕಿದ್ದ ಕಂದಾಯದ ಇಳಿಕೆಯನ್ನು ಗವರ್ನರ್ ಆದ ಮೇಲೆ ತಾನೇ ಜಾರಿಗೆ ತಂದ. 1822ರಲ್ಲಿ ತನ್ನ ಪ್ರಾಂತದ ಶಾಲೆಗಳ ಎಣಿಕೆ ಮಾಡಿಸಲು ಆದೇಶಿಸಿದ.

ಇಡೀ ದೇಶದ ಕಂಪನಿ ಸೀಮೆಗೆ ಒಂದೇ ರೂಪಾಯಿ ಬಂದದ್ದು 1835ರ ಕಾಯ್ದೆಯಿಂದ. ತೂಕ 180 ಗ್ರೇನ್, ಅಂದರೆ ಸುಮಾರು ಹನ್ನೊಂದೂವರೆ ಗ್ರಾಂ. ಅದರಲ್ಲಿ ಅಪ್ಪಟ ಬೆಳ್ಳಿ 165 ಗ್ರೇನ್. ಹದಿನಾರು ಆಣೆಗೆ ಒಂದು ರೂಪಾಯಿ, ಅರವತ್ತನಾಲ್ಕು ಪೈಸೆಗೆ ಒಂದು ರೂಪಾಯಿ ಎಂಬ ಲೆಕ್ಕ ಎಲ್ಲ ಕಡೆ ಒಂದೇ ಆಯಿತು. ತಾಮ್ರದ ನಾಣ್ಯ ರೂಪಾಯಿಯೊಳಗಿನ ಚಿಲ್ಲರೆಗೆ ಮಾತ್ರ ಕಾನೂನಿನ ಚಲಾವಣೆ. ಊರ ರೂಪಾಯಿಗಳು ಕರಗಿ ಗಟ್ಟಿಯಾದವು, ಕೆಲವು ಒಡವೆಯಾಗಿ ಉಳಿದವು. ಆದರೆ ಇಳಕಲ್, ಹುನಗುಂದದವರಿಗೆ ಎರಡು ರೊಕ್ಕದ ಕಾಟ ಅಲ್ಲಿಗೂ ಮುಗಿಯಲಿಲ್ಲ. ಕೈಯಳತೆಯ ಕುಷ್ಟಗಿ ನಿಜಾಮನ ಸೀಮೆ. ಅಲ್ಲಿ ಹಾಲಿ ಸಿಕ್ಕಾ ರೂಪಾಯಿ. ಅದರ ಬೆಲೆ ಇಂಗ್ಲಿಷ್ ರೂಪಾಯಿಗಿಂತ ಕಡಿಮೆ. ಗಡಿ ದಾಟಿ ಸಂತೆಗೆ ಹೋಗುವವರು ಸ್ವಾತಂತ್ರ್ಯ ಬರುವವರೆಗೂ ಎರಡು ಚೀಲ ಇಟ್ಟುಕೊಂಡೇ ವ್ಯಾಪಾರ ಮಾಡಬೇಕಿತ್ತು.

ಪತ್ತಿಕೊಂಡದಲ್ಲಿ ಕೊನೆ

ಮನ್ರೋ ಈ ಬದಲಾವಣೆ ನೋಡಲಿಲ್ಲ. ರಾಜೀನಾಮೆ ಕೊಟ್ಟು, ಬದಲಿ ಗವರ್ನರ್ ದಾರಿ ಕಾಯುತ್ತಿದ್ದ ದಿನಗಳಲ್ಲಿ, ತಾನು ಮೊದಲು ಆಳಿದ ಸೀಮೆಯನ್ನು ಕೊನೆಯ ಸಲ ನೋಡಿ ಬರಲು ಹೊರಟ. ಹೆಂಡತಿ ಮಗುವಿನ ಆರೋಗ್ಯಕ್ಕಾಗಿ ಮೊದಲೇ ಇಂಗ್ಲೆಂಡಿಗೆ ಹೋಗಿದ್ದಳು. ದಾರಿಯಲ್ಲಿ ಕಾಲರಾ ಹತ್ತಿತು. 1827ರ ಜುಲೈ 6ರಂದು ಕರ್ನೂಲು ಕಡೆಯ ಪತ್ತಿಕೊಂಡದಲ್ಲಿ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. ಮುಂದೆ ಅವಶೇಷಗಳನ್ನು ಮದ್ರಾಸ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವನ ನೆನಪಿಗೆ ಬಾವಿ ತೋಡಿಸಿ, ಹುಣಸೆ ತೋಪು ಹಚ್ಚಿದರು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋ ಹೆಸರಿಟ್ಟವರೂ ಉಂಟು. ಮಂತ್ರಾಲಯದ ಮಠದ ಜಮೀನು ವಿಚಾರಿಸಲು ಹೋದಾಗ ರಾಯರು ಅವನಿಗೆ ದರ್ಶನ ಕೊಟ್ಟರು ಎಂಬ ನಂಬಿಕೆ ಇಂದಿಗೂ ನಮ್ಮ ಮಂದಿಯಲ್ಲಿದೆ. ಚೆನ್ನೈನಲ್ಲಿ ಅವನ ಕುದುರೆ ಪ್ರತಿಮೆ ಈಗಲೂ ನಿಂತಿದೆ. ತಡಿ, ರಿಕಾಪು ಇಲ್ಲದ ಕುದುರೆ ಅದು.

ಅವನು ಕಂಪನಿಯ ನೌಕರ, ಕಂಪನಿಯ ಬೊಕ್ಕಸಕ್ಕಾಗಿಯೇ ದುಡಿದವನು. ಅವನು ಗೆದ್ದ ಊರಿನವರಿಗೆ ಆ ಗೆಲುವು ಸೋಲೇ. ಆದರೂ ರೈತನ ಕೈಯಲ್ಲಿನ ರೊಕ್ಕದ ಮೇಲೇ ರಾಜ್ಯ ನಿಂತದ ಎಂಬುದನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ಕಡಿಮೆ.

ಇನ್ನು ಗಲ್ಲೆಯ ಬಿಲ್ಲೆ

ಈಗ ಆ ತಾಮ್ರದ ಬಿಲ್ಲೆಗೆ ಬರೋಣ. 1818ರಲ್ಲಿ ಕಂಪನಿ ರಾಮ, ಹನುಮಂತನ ಚಿತ್ರ ಹಾಕಿ ತಾಮ್ರದ ಒಂದು ಆಣೆ ಹೊಡೆಸಿಲ್ಲ. ಒಂದು ಆಣೆಯ ನಾಣ್ಯ ಈ ದೇಶದಲ್ಲಿ ಚಲಾವಣೆಗೆ ಬಂದದ್ದೇ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ, ಅದೂ ನಿಕ್ಕಲ್ ಬೆರಕೆಯದು, ಅಂಚು ಅಲೆಯಲೆಯಾಗಿ ಇರುವಂಥದು. 1616, 1717, 1818 ಅಂತ ಇಸವಿ ಹಾಕಿದ ಬಿಲ್ಲೆಗಳೆಲ್ಲ ಖಾಸಗಿಯವರು ಪೂಜೆಗೆ, ನೆನಪಿಗೆ ಅಂತ ಆಮೇಲೆ ಮಾಡಿ ಮಾರಿದವು. ಅಕ್ಕಿ ಎಳೆಯುವ ತಾಮ್ರ ಎಲ್ಲೂ ಇಲ್ಲ.

ಆ ಕಾಲದ ಖರೆ ಕಂಪನಿ ತಾಮ್ರ ಬೇರೆ ಥರ ಇರತದ. ಮದ್ರಾಸಿನ 1803, 1808ರ ಕಾಸುಗಳ ಮೇಲೆ ಕಂಪನಿಯ ಸಿಂಹದ ಲಾಂಛನ, ಪಾರ್ಸಿ ಬರಹ. ಅವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬ ಖಾಸಗಿ ಕಾರ್ಖಾನೆದಾರನ ಉಗಿಯಂತ್ರದಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವು. 1809ರ ಜನವರಿಯಲ್ಲಿ ಅಂಥ ಕಾಸುಗಳನ್ನು ಹೇರಿಕೊಂಡ ಅಡ್ಮಿರಲ್ ಗಾರ್ಡ್ನರ್ ಹಡಗು ಇಂಗ್ಲೆಂಡಿನ ದಂಡೆಯಲ್ಲೇ ಮುಳುಗಿತು. ಲಕ್ಷಾಂತರ ಅಚ್ಚಾದ ನಾಣ್ಯ ಅದು. ಹೀಗಾಗಿ ಅದಕ್ಕೂ ಆಸ್ತಿ ಮಾರುವಷ್ಟು ಬೆಲೆ ಇಲ್ಲ.

ಹಳೇ ಮನೆ ಕೆಡವುವಾಗಲೋ, ಹೊಲ ಉಳುವಾಗಲೋ ನಿಜವಾದ ನಾಣ್ಯದ ಗಂಟು ಸಿಕ್ಕರೆ ಅದನ್ನು ತಹಸೀಲ್ದಾರ ಕಚೇರಿಗೆ ತಿಳಿಸುವುದು ಒಳ್ಳೇದು. ನೆಲದಡಿಯ ನಿಧಿಗೆ ರಾಜ್ಯದ ಕಾಯ್ದೆಯೇ ಇದೆ. ಮಲ್ಹಾರಶಾಹಿಯೊಂದು ಸಿಕ್ಕರೆ ಅದು ಈ ಊರಿನ ಚರಿತ್ರೆ. ಹನುಮಪ್ಪನ ಬಿಲ್ಲೆ ಇದ್ದರೆ ಜಗಲಿ ಮೇಲೆ ಇರಲಿ, ಕೈಮುಗಿಯಲು ಅಡ್ಡಿಯಿಲ್ಲ. ಅದರ ಹೆಸರಿನಲ್ಲಿ ಯಾರಾದರೂ ಮುಂಗಡ ಕೇಳಿದರೆ ಮಾತ್ರ ಹಳೇ ಸರಾಫರು ಮಾಡುತ್ತಿದ್ದ ಹಾಗೆ ಮೊದಲು ಒರೆಗೆ ಹಚ್ಚಿ ನೋಡಬೇಕು, ರೊಕ್ಕ ಆಮೇಲೆ ಎಣಿಸಬೇಕು.